ಎರಡು ಬೆರಳ ನಡುವೆ

ದಾವಣಗೆರೆ ಮಂಡಕ್ಕಿ ಭಟ್ಟಿಯ ಹೊಗೆಯಲ್ಲೇ ಬೆಳೆದ ಜೀವ,
ಬೀಡಿ ಯಾವ ಲೆಕ್ಕ ಅಂತಿದ್ದರು ಇವರು.
ಎಕ್ಸ್‌ರೇ ಹಿಡಿದು ಡಾಕ್ಟರು ಸುಮ್ಮನೆ ಕೂತಾಗ ಮಾತ್ರ
ಹೆದರಿದರು.

ಮೈದುನ ಅತಾವುಲ್ಲಾ ದಮ್ಮಾಮಿನಿಂದ ತಂದ,
ಕಾಲುಚೀಲದಲ್ಲಿ ಸುತ್ತಿ, ಕದ್ದು:
ಪೆನ್ನಿನಂಥದು. ಮಾವಿನ ವಾಸನೆ.
"ಬೆಂಕಿಯಿಲ್ಲ, ಬೂದಿಯಿಲ್ಲ ಭಾಬಿ, ಬರೀ ಆವಿ.
ಇಡ್ಲಿ ಪಾತ್ರೆ ಅನ್ಕೊಳ್ರಿ."

ಸುಳ್ಳು ಯಾಕೆ ಹೇಳಲಿ,
ರಾತ್ರಿಯ ಕೆಮ್ಮು ಇಳಿಯಿತು.
ದಿಂಬಿಗೆ ಹೊಸ ತೂತು ಬೀಳಲಿಲ್ಲ.

ಆದರೆ ಬೀಡಿಗೊಂದು ಕೊನೆಯಿತ್ತು,
ಬೆರಳು ಸುಟ್ಟು 'ಸಾಕು, ಏಳು' ಅನ್ನುತ್ತಿತ್ತು.
ಇದು ಅನ್ನುವುದಿಲ್ಲ.
ಊಟದ ನಡುವೆ, ಕಕ್ಕಸಿನಲ್ಲಿ,
ಚಾರ್ಜಿಗಿಟ್ಟ ವೈರು ಎಳೆದುಕೊಂಡೇ ಬಾಯಿಗೆ.
ಕರೆಂಟು ಹೋದ ದಿನ
ನನ್ನ ಸಾಸಿವೆ ಡಬ್ಬಿಯಲ್ಲಿ ಬೀಡಿಕಟ್ಟು ಸಿಕ್ಕಿತು.

"ಬಿಟ್ಟಿರಾ?" ಅಂದರು ಡಾಕ್ಟರು.
"ಬೀಡಿ ಬಿಟ್ಟೆ" ಅಂದರು ಇವರು,
ಬೀಡಿಯನ್ನಷ್ಟೇ ಕೇಳಿದರೇನೋ ಅನ್ನುವ ಹಾಗೆ.
ನಾನು ಗೋಡೆಯ ಕ್ಯಾಲೆಂಡರು ನೋಡಿದೆ.

ಈಗ ಮಾವಿನ ನೀರು ಮುಗಿದಿದೆ,
ಅತಾವುಲ್ಲಾ ಬರುವುದು ರಂಜಾನಿಗೆ.
ಮಲಗಿದ್ದಾರೆ. ಉಸಿರು ಸದ್ಯ ಹಗುರ.
ನಿದ್ದೆಯಲ್ಲೂ ಆ ಎರಡು ಬೆರಳು ಕೂಡಿಲ್ಲ,
ನಡುವೆ
ಒಂದು ಬೀಡಿಯಷ್ಟು ಜಾಗ.