ಎಡದಿಂದ ಬಲಕ್ಕೆ

ಗೋಡೆಯಿಂದ ಇಳಿಸಿದಾಗ ಚೌಕಟ್ಟಿನ ಬೆನ್ನಿಂದ
ಹಲ್ಲಿಮೊಟ್ಟೆಯ ಸಿಪ್ಪೆ ಎರಡು ಉದುರಿದವು.
ಗಾಜಿನೊಳಗೆ ಅರುವತ್ತು ವರ್ಷದ ಬೂಷ್ಟು,
ಪ್ರಿನ್ಸಿಪಾಲ್ ಪಾದ್ರಿಯ ನಿಲುವಂಗಿಯ ಮೇಲೆ
ಹತ್ತಿ ಬಿರಿದ ಹಾಗೆ.

ಕಾಲೇಜು ಫುಟ್ಬಾಲ್ ತಂಡ. ಕೆಳಗೆ
ಟೈಪ್ ಮಾಡಿ ಅಂಟಿಸಿದ ಪಟ್ಟಿ, ಎಡದಿಂದ ಬಲಕ್ಕೆ.
ಕುರ್ಚಿಯವರಿಗೆ ಇನಿಷಿಯಲ್ಲು, ಡಿಗ್ರಿ;
ನಿಂತವರಿಗೆ ಬರೀ ಹೆಸರು;
ನೆಲದ ಮೇಲೆ ಚೆಂಡು ಹಿಡಿದು ಕೂತ ಹುಡುಗನಿಗೆ
ಅದೂ ಇಲ್ಲ.

ನಾನು ಲೈಬ್ರರಿಯ ಅಟೆಂಡರ್. ಈ ವರ್ಷ ನನ್ನ ಕೆಲಸ
ಹಳೆಯದನ್ನೆಲ್ಲ ಸ್ಕ್ಯಾನ್ ಮಾಡುವುದು.
ಮುರಕಲ್ಲಿನ ಮೈದಾನ ಫೋಟೋದಲ್ಲಿ ಬೂದಿ.
ಮಂಗಳೂರಿನ ಕೆಂಪು ಕ್ಯಾಮರಾಕ್ಕೆ ಗೊತ್ತಿರಲಿಲ್ಲ,
ಮೊಣಕಾಲಿಗೆ ಗೊತ್ತಿತ್ತು: ಹಕ್ಕಳೆ ಕಟ್ಟದ ಒಂದೂ
ಈ ಸಾಲಿನಲ್ಲಿಲ್ಲ.
ಹಿಂದೆ, ಹೆಂಚಿನ ಮಾಡಿನ ಕೆಳಗೆ, ಮಾಳಿಗೆಯ ಜಗಲಿಯಲ್ಲಿ
ಮೂವರು ಹುಡುಗಿಯರು. ಒಬ್ಬಳ ಬಾಯಿ ತೆರೆದಿದೆ.
ಕೂಗಿದಳೋ ಆಕಳಿಸಿದಳೋ,
ಪಟ್ಟಿಯಲ್ಲಿ ಬರೆದಿಲ್ಲ.

ನನ್ನನ್ನು ಕಾಡಿದ್ದು ಮಾತ್ರ ಬೂಟು.
ಎರಡು ಕುರ್ಚಿಗಳ ನಡುವಿನ ಸಂದಿಯಲ್ಲಿ ಒಂದು ಜೋಡಿ,
ಇಡೀ ತಂಡಕ್ಕೆ ಅದೊಂದೇ.
ದೊಡ್ಡದು ಮಾಡಿ ನೋಡಿದೆ:
ಎಡದ್ದು ಬಲಕ್ಕಿದೆ, ಬಲದ್ದು ಎಡಕ್ಕೆ,
ಹೆಬ್ಬೆರಳುಗಳು ಜಗಳಾಡಿ
ಆಚೆ ಈಚೆ ಮುಖ ತಿರುಗಿಸಿದ ಹಾಗೆ.
ಯಾವ ಪೆದ್ದ ಹೀಗೆ ಹಾಕಿಕೊಂಡ?

ಮಂಗಳವಾರ ಒಬ್ಬರು ಬಂದರು.
ಬೆಂಗರೆಯಿಂದ ದೋಣಿ ದಾಟಿ, ಬಂದರಿನಿಂದ ರಿಕ್ಷಾ.
ಐತಪ್ಪ ಕುಂದರ್, ಎಂಬತ್ತು ದಾಟಿದೆ,
ಮಂಜುಗಡ್ಡೆಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ರೈಟರ್.
ಗಾಜಿನ ಮೇಲೆ ಬೆರಳಿಟ್ಟರು. "ಇದು ನಾನು."
ಬೆರಳಿನ ಕೆಳಗೆ ಬರೆದದ್ದು ಕಜೆತಾನ್ ರೆಬೆಲ್ಲೊ.
"ಅಲ್ಲ ಸರ್, ನೀವು ಇವರ ಪಕ್ಕದವರು."
"ನನ್ನ ಮೂಗು ನನಗೆ ಗೊತ್ತಿಲ್ವಾ ಮಾರಾಯ್ತಿ?

"ಬೂಟು ಅವನದ್ದು. ಮಾವ ಬೊಂಬಾಯಿಂದ ತಂದದ್ದು.
ಅವ ಒದೆಯುವುದು ಬಲಗಾಲಲ್ಲಿ, ನಾನು ಎಡಗಾಲಲ್ಲಿ.
ಒಂದೊಂದು ಸಾಕಲ್ಲ? ಹಂಚಿಕೊಂಡೆವು.
ಫೋಟೋದವ ಕಪ್ಪು ಬಟ್ಟೆಯೊಳಗೆ ತಲೆ ಹಾಕಿದ್ದೇ
ಜಾಗ ಬದಲಿಸಿದೆವು, ಬೂಟಿದ್ದ ಕಾಲೆರಡು ಒಟ್ಟಿಗೆ ಬರಲಿ,
ಸಂದಿಯಲ್ಲಿ ಜೋಡಿ ಕಾಣಲಿ ಅಂತ.
ಹೆಸರು ಮೊದಲೇ ಟೈಪಾಗಿತ್ತು. ಯಾರು ಹೇಳುದು?"

ಆಮೇಲೆ ಅಂಗಿಯ ಕಿಸೆಯಿಂದ ಮಡಿಸಿದ ಪೇಪರಿನ ತುಂಡು.
ಮೇಲೆ ಶಿಲುಬೆ. ಕೆಳಗೆ ಪ್ರಥಮ ವರ್ಷದ ಸ್ಮರಣೆ,
ಕಜೆತಾನ್ ರೆಬೆಲ್ಲೊ, ವಾಮಂಜೂರು.
ನಡುವೆ ಹತ್ತೊಂಬತ್ತು ವರ್ಷದ ಒಂದು ಮುಖ,
ಈ ಗಾಜಿನೊಳಗಿನದೇ.
"ನೋಡಿದ್ದೇ, ಬೆಳಿಗ್ಗೆಯ ಚಾ ಇಳಿಯಲಿಲ್ಲ."

ನನಗೆ ನೆನಪಾಯಿತು.
ಮೊಮ್ಮಗಳು ಫೋನ್ ಮಾಡಿದ್ದಳು,
ಅಜ್ಜನ ಕಾಲೇಜಿನ ಕಾಲದ ಮುಖ ಬೇಕು ಅಂತ.
ನಾನೇ ಹೆಸರು ಎಣಿಸಿ, ಎಡದಿಂದ ನಾಲ್ಕನೆಯದನ್ನು
ಕತ್ತರಿಸಿ ಕಳಿಸಿದ್ದೆ.
ಅವಳು ಎರಡು ಸಲ ಥ್ಯಾಂಕ್ಸ್ ಹೇಳಿದ್ದಳು.

"ಸರಿಮಾಡ್ತೇನೆ ಸರ್. ಅವರಿಗೂ ತಿಳಿಸ್ತೇನೆ."
"ಬೇಡ." ಸುಮ್ಮನೆ ತುಸು ಹೊತ್ತು.
"ಒಂದು ಬೂಟಿಗೆ ಒಂದು ಮುಖ. ಲೆಕ್ಕ ಚುಕ್ತಾ."
ಹೇಳಿ ನಕ್ಕರೋ, ಕೆಮ್ಮಿದರೋ.
ಪಂಚೆಯ ತುದಿಯಿಂದ ಗಾಜಿನ ಮೇಲಿನ
ತನ್ನ ಬೆರಳಿನ ಗುರುತು ಒರೆಸಿದರು.
ದೋಣಿಗೆ ಹೊತ್ತಾಯಿತು ಅಂದರು, ಹೋದರು.

ಫೋಟೋದ ಹಿಂದೆ ಪೆನ್ಸಿಲಿನಲ್ಲಿ
ಐತಪ್ಪ ಎಂದು ಬರೆಯಲು ಹೊರಟು, ಐ ಬರೆದು, ನಿಂತೆ.
ಅಳಿಸಲೂ ಇಲ್ಲ.

ಹುಡುಗನ ತೊಡೆಯ ಮೇಲಿನ ಚೆಂಡಿನಲ್ಲಿ
ಸೀಮೆಸುಣ್ಣದ ಇಸವಿ, ಕೊನೆಯ ಅಂಕಿ
ಅಂಗೈ ತಾಗಿ ಒರೆಸಿಹೋಗಿದೆ.
ಅದನ್ನು ಕೇಳಬೇಕಿತ್ತು.
ಆ ವರ್ಷ ಗೆದ್ದಿರಾ ಅಂತಲೂ.