ಅಂಗಿಯ ಬೆನ್ನು

ಕಸ್ಕೊಕ್ವಿಮ್ ಹೆಪ್ಪುಗಟ್ಟಿದರೆ ನಮಗದು ರಸ್ತೆ,
ಕರಗಿದರೆ ದೋಣಿದಾರಿ.
ನಡುವಿನ ಐದಾರು ವಾರ ಎರಡೂ ಅಲ್ಲ:
ಕಾಲಿಟ್ಟರೆ ಮುರಿಯುತ್ತದೆ, ಹುಟ್ಟು ಹಾಕಿದರೆ ತಡೆಯುತ್ತದೆ.
ಆಗ ಹಾಲಿನ ಪುಡಿ, ಬ್ಯಾಟರಿ, ಕಾಗದ ಪತ್ರ,
ಪಟ್ಟಣದ ಆಸ್ಪತ್ರೆಯಲ್ಲಿ ತೀರಿಕೊಂಡವರು,
ಊರಿಗೆ ಬರುವುದೆಲ್ಲ ಮೇಲಿನಿಂದ.

ಅಪ್ಪ ಅದನ್ನು ಇಳಿಸಿಕೊಳ್ಳುತ್ತಿದ್ದ. ಇಪ್ಪತ್ತೆರಡು ವರ್ಷ.
ರೆಕ್ಕೆಯ ಕೆಳಗೆ ನಿಂತು ಕೈಚಾಚಿದವನು,
ಮುಂದಿನ ಸೀಟಿನಲ್ಲಿ ಒಮ್ಮೆಯೂ ಕೂತವನಲ್ಲ.
ಅವನ ಕೆಂಪು ಚೌಕಳಿ ಅಂಗಿಗೆ
ಈಗಲೂ ಸೀಮೆಎಣ್ಣೆಯ ವಾಸನೆ.
ಪಾಠಕ್ಕೆ ಹೋಗುವಾಗ ಅದನ್ನೇ ತೊಟ್ಟೆ.

ಎವಾನ್‌ಗೆ ಎಪ್ಪತ್ತು. ಮೂರು ಬೆರಳು ಹಿಮಕ್ಕೆ ಹೋಗಿವೆ.
ಮೊದಲ ಪಾಠ ಹಾರುವುದಲ್ಲ, ಕಾಯಿಸುವುದು:
ಎಂಜಿನ್ನಿನ ಮೂತಿಗೆ ಕಂಬಳಿ ಹೊದಿಸಿ
ಕೊಳವೆಯಲ್ಲಿ ಬಿಸಿಗಾಳಿ ಊದುತ್ತ
ಒಂದು ಗಂಟೆ ಸುಮ್ಮನೆ ನಿಲ್ಲುವುದು.
"ಬೇಸರವಾದರೆ ಮನೆಗೆ ಹೋಗು" ಅಂದ.
ಹೋಗಲಿಲ್ಲ.

ಗಟ್ಟಿ ಹಿಡಿದರೆ ಒದ್ದಾಡುತ್ತದೆ,
ಬಿಟ್ಟರೆ ಓಲುತ್ತದೆ.
"ಬಲೆಗೆ ಸಾಲ್ಮನ್ ಬಿದ್ದಿದೆಯೋ ಇಲ್ಲವೋ ಅಂತ
ಹಗ್ಗಕ್ಕೆ ಬೆರಳಿಟ್ಟು ನೋಡ್ತೀಯಲ್ಲ, ಹಾಗೆ ಹಿಡಿ."
ಕೈಗೆ ಅರ್ಥವಾಯಿತು, ಕಾಲಿಗೆ ಆಗಲಿಲ್ಲ.
"ನಿನ್ನ ಬಲಗಾಲು ರಜೆಯ ಮೇಲಿದೆಯಾ?"
ಮೊದಲು ನಾನೇ ಇಳಿಸಿದ ದಿನ ನಾಲ್ಕು ಸಲ ಪುಟಿದೆವು.
"ಒಂದರ ದುಡ್ಡಿಗೆ ನಾಲ್ಕು" ಅಂದ ಎವಾನ್, ನಗದೆ.

ಆಮೇಲೆ ಸ್ಟಾಲ್.
ಎಂಜಿನ್ ನಿಲ್ಲುವುದಲ್ಲ ಅದು;
ರೆಕ್ಕೆಗೂ ಗಾಳಿಗೂ ಮಾತು ಬಿಟ್ಟುಹೋಗುವುದು.
ಮೂತಿ ಮೇಲೆ, ಇನ್ನೂ ಮೇಲೆ, ಹಾರ್ನಿನ ಕೀರಲು ಅಳು,
ಥಟ್ಟನೆ ಹೊಟ್ಟೆ ಒಂದು ಕಡೆ, ನಾನು ಒಂದು ಕಡೆ.
ಬೀಳುವಾಗ ಕೈ ತನ್ನಷ್ಟಕ್ಕೇ ಎದೆಯತ್ತ ಎಳೆಯುತ್ತದೆ,
ನಾಯಿ ಬೊಗಳಿದಾಗ ತಾಯಿ ಮಗುವನ್ನು ಎಳೆದುಕೊಂಡಂತೆ.
ಎಳೆಯಬಾರದು. ನೆಲದ ಕಡೆಗೇ ತಳ್ಳಬೇಕು.
ಇದನ್ನು ಕೈಗೆ ನಂಬಿಸಲು ಹನ್ನೊಂದು ದಿನ ಹಿಡಿಯಿತು.

ಮಾರ್ಚಿನ ಒಂದು ಬೆಳಗ್ಗೆ, ರನ್‌ವೇ ಅಂಚಿನಲ್ಲಿ,
ಬಾಗಿಲು ತೆರೆದು ಇಳಿದೇಬಿಟ್ಟ.
ಖಾಲಿ ಸೀಟಿಗೆ ಬೆಲ್ಟು ಬಿಗಿದು, "ಮೂರು ಸುತ್ತು" ಅಂದ.
ಅವನ ತೂಕವಿಲ್ಲದ ವಿಮಾನ
ನಾನು ಹೇಳುವ ಮೊದಲೇ ನೆಲ ಬಿಟ್ಟಿತ್ತು.
ಕೆಳಗೆ ನದಿ, ಅದರ ಮೇಲೆ ಹಿಮಬಂಡಿಗಳ ಗೀರು,
ನಮ್ಮ ಮನೆಯ ಹೊಗೆ, ಗೋರಿಗಳ ಬಿಳಿ ಶಿಲುಬೆ.
ಅಪ್ಪನದು ಯಾವುದೆಂದು ತಿಳಿಯಲಿಲ್ಲ;
ತಿಳಿಯುವಷ್ಟು ಹೊತ್ತು ನೋಡಲೂ ಇಲ್ಲ.
ವೇಗ ನೋಡಬೇಕಿತ್ತು.

ಇಳಿದಾಗ ಕತ್ತರಿ ಹಿಡಿದು ಕಾದಿದ್ದ.
ಒಬ್ಬರೇ ಹಾರಿಬಂದವರ ಅಂಗಿಯ ಬೆನ್ನು ಕತ್ತರಿಸಿ
ಹ್ಯಾಂಗರಿನ ಗೋಡೆಗೆ ಮೊಳೆ ಹೊಡೆಯುವುದು ಇಲ್ಲಿಯ ವಾಡಿಕೆ.
ಅಂಗಿಯ ಗುರುತು ಸಿಕ್ಕಿ ಅವನ ಕೈ ತಡೆಯಿತು.
"ನಾಳೆ ಬೇರೆ ತೊಟ್ಟು ಬಾ" ಅಂದ.
ನಾನು ಬೆನ್ನು ತಿರುಗಿಸಿ ನಿಂತೆ.

ಈಗ ಏಳುನೂರು ಗಂಟೆ.
ಮೊನ್ನೆ ಪರಾಸ್ಕೊವಿಯಾ ಅಜ್ಜಿ, ಮೊಮ್ಮಗಳ ನಾಮಕರಣಕ್ಕೆ,
ಮಡಿಲಲ್ಲಿ ಹೆಪ್ಪುಗಟ್ಟಿದ ಮೀನಿನ ಚೀಲ.
ಇನ್ನು ಹದಿನಾಲ್ಕು ಮೈಲಿ. ಅಷ್ಟರಲ್ಲಿ
ಬಾನು ನೆಲ ಸೇರುವ ಗೆರೆ ಮಾಸಿತು,
ಬಟ್ಟಲೊಳಗಿನ ಹಾಲಿನಲ್ಲಿ ಬಿದ್ದ ನೊಣ ನಾವು.
ಕೈ ಮತ್ತೆ ಎಳೆಯಿತು, ಈ ಸಲ ಮುಂದಕ್ಕೆ:
ಇಷ್ಟು ದೂರ ಬಂದಾಯಿತಲ್ಲ.
ತಿರುಗಿಸಿದೆ.
ಅಜ್ಜಿ ದಾರಿಯುದ್ದಕ್ಕೂ ಮಾತಾಡಲಿಲ್ಲ.
ಇಳಿದು, ಚೀಲದಿಂದ ಒಂದು ಮೀನು ನನ್ನ ಕೈಗಿಟ್ಟು ನಡೆದಳು.
ಮೆಚ್ಚಿಯೋ, ಮುನಿದೋ.

ಮರುದಿನ ಅತ್ತಲಿಂದ ಬಂದವರು ಹೇಳಿದರು,
ಅಲ್ಲಿ ಬಿಸಿಲಿತ್ತಂತೆ.
ಹೋಗಿದ್ದರೆ ತಲುಪುತ್ತಿದ್ದೆನೋ ಏನೋ.
ಲಾಗ್‌ಬುಕ್ಕಿನಲ್ಲಿ ಅದಕ್ಕೆ ಜಾಗವಿಲ್ಲ;
ಹೊರಟ ಊರು, ತಲುಪಿದ ಊರು,
ಎರಡರ ಕೆಳಗೂ ಒಂದೇ ಹೆಸರು ಬರೆದೆ.

ಇವತ್ತು ಮತ್ತೆ ಕಂಬಳಿ, ಕೊಳವೆ, ಒಂದು ಗಂಟೆ.
ಜಾಕೆಟ್ಟಿನ ಒಳಗೆ ಅದೇ ಅಂಗಿ ತೊಡುತ್ತೇನೆ.
ಬೆನ್ನಿನಲ್ಲಿ
ಒಂದು ಅಂಗೈಯಗಲ ಚಳಿ.