ಗಟ್ಟಿ ಒಡೆಯುವ ಕೋಣೆ

ಕಾರಟಗಿಯ ಆಚೆ, ಕಾಲುವೆ ಒಣಗಿರುವಷ್ಟು ದಿನ
ನನ್ನದೊಂದು ತಗಡಿನ ಕೋಣೆ.
ಒಳಗೆ ನೀರಿನ ತೊಟ್ಟಿ, ತೊಟ್ಟಿಯಲ್ಲಿ ಕಾಂಕ್ರೀಟಿನ ಗಟ್ಟಿಗಳು,
ಒಂದೊಂದರ ಬೆನ್ನಿಗೆ ತಾರೀಖು, ಕಂಬದ ನಂಬರು,
ನನ್ನ ಕೈಬರಹ.
ಕಾಗದದಲ್ಲಿ ಇದು ಲ್ಯಾಬು.
ಮಿಕ್ಸರ್ ಲಾರಿಯ ಯಮನೂರಸಾಬನ ಬಾಯಲ್ಲಿ,
"ಮೀನಾ ಸಾಕೀ ಏನೋ, ಫಕೀರಪ್ಪ?"

ಕರಾರು ನಾನೂ ಓದಿದ್ದೇನೆ, ನಲವತ್ತೊಂದನೆಯ ಪುಟ:
ನೀರು ಬರುವ ಮುಂಚೆ ಮೇಲ್ಗಾಲುವೆ ಮುಗಿದರೆ
ಉಳಿದ ದಿನಕ್ಕೆ ಎರಡೆರಡು ಲಕ್ಷ ಬಹುಮಾನ,
ತಡವಾದರೆ ಅಷ್ಟೇ ದಂಡ.
ಮಲ್ಲಾರೆಡ್ಡಿಯ ಸಹಿ, ಇಲಾಖೆಯ ದುಂಡು ಮೊಹರು.
ಗಿಣಿಗೇರಿಯಿಂದ ಸರಳು ತರುವವನ ಹೆಸರಿಲ್ಲ,
ಜಲ್ಲಿಯವನದಿಲ್ಲ,
ಹಲಗೆ ಬಡಿಯುವ ದೇವದುರ್ಗದವರದೂ ಇಲ್ಲ.
ಅವರಿಗೆ ಬೇರೆ ಬೇರೆ ಚೀಟಿ:
ಲಾರಿಗೆ ಟ್ರಿಪ್ಪಿನ ಲೆಕ್ಕ, ಜಲ್ಲಿಗೆ ಟನ್ನಿನ ಲೆಕ್ಕ,
ಸರಳಿಗೆ ಬರೀ ಬಾಯಿಮಾತು,
"ಹಾದ್ಯಾಗೈತ್ರಿ, ಬಂದಬಿಡ್ತೈತಿ."

ಟ್ರಿಪ್ಪಿಗೆ ದುಡ್ಡು ಕಟ್ಟಿದರೆ ಟ್ರಿಪ್ಪು ಬೆಳೆಯುತ್ತದೆ.
ಏಪ್ರಿಲ್ಲಿನ ಒಂದು ದಿನ ಯಮನೂರಸಾಬ ಹನ್ನೊಂದು ಹೊಡೆದ.
ನಡುಹಗಲು, ಡ್ರಮ್ಮಿನೊಳಗೆ ಮಾಲು ಬಿಗಿಯತೊಡಗಿದಾಗ
ಬೇವಿನ ನೆರಳಿಗೆ ನಿಲ್ಲಿಸಿ ನಾಲ್ಕು ಕೊಡ ನೀರು.
ಲಗೂನ ಜಾರಿತು, ಲಗೂನ ಖಾಲಿಯಾಯಿತು.
ಜಲ್ಲಿಯ ಜೊತೆಗೆ ಧೂಳು ಬಂತು,
ಧೂಳಿಗೂ ತೂಕವಿದೆಯಲ್ಲ.
ಯಾರೂ ಸುಳ್ಳು ಹೇಳಲಿಲ್ಲ.
ಕಾಟಾ ಚೀಟಿಗಳೆಲ್ಲ ಸರಿಯಾಗಿಯೇ ಇದ್ದವು.

ಇಪ್ಪತ್ತೆಂಟನೆಯ ದಿನ
ಏಳನೇ ಕಂಬದ ಗಟ್ಟಿ ಒರೆಸಿ ಮಷೀನಿಗಿಟ್ಟೆ.
ಮುಳ್ಳು ಹತ್ತಿತು. ಮುನ್ನೂರು. ನಾಲ್ಕುನೂರು.
ನಾಲ್ಕುನೂರ ಹತ್ತಕ್ಕೆ
ಹಳೇ ಬೆಲ್ಲದಚ್ಚಿನ ಹಾಗೆ ಉದುರಿತು.
ಬೇಕಾದದ್ದು ಐನೂರ ಅರವತ್ತರ ಮೇಲೆ.
ಇನ್ನೆರಡೂ ಅಣ್ಣನ ಹಾದಿಯನ್ನೇ ಹಿಡಿದವು.

ಮಲ್ಲಾರೆಡ್ಡಿ ಬಂದು ಸ್ಟೂಲಿನ ಮೇಲೆ ಕೂತ.
"ನಿನಗೂ ಒಂದು ಬಹುಮಾನ ಇರಲಿ" ಅಂದ,
ಪಾಕೀಟು ರಿಜಿಸ್ಟರಿನ ಮೇಲಿಟ್ಟ.
ತೆರೆದು ನೋಡಲಿಲ್ಲ ಅಂದರೆ ಸುಳ್ಳಾಗುತ್ತದೆ.
ಚಹಾ ಆರಿತು.
ಗಟ್ಟಿಯ ಚೂರೊಂದರಲ್ಲಿ ನನ್ನ ಅಕ್ಷರ ಅರ್ಧ ಉಳಿದಿತ್ತು,
ಅದನ್ನೇ ನೋಡುತ್ತ
ನಾಲ್ಕುನೂರ ಹತ್ತು ಅಂತ ಬರೆದೆ.
ಪಾಕೀಟು ಅವನು ಮರೆತವನಂತೆ ಬಿಟ್ಟುಹೋಗುತ್ತಿದ್ದ,
ಹಿಂದೆ ಓಡಿ ಕೊಟ್ಟುಬಂದೆ. ಕೈ ನಡುಗುತ್ತಿತ್ತು.

ಏಳನೇ ಕಂಬ ಒಡೆಯಲು ನಾಲ್ಕು ದಿನ.
ಒಡೆಯುವುದಕ್ಕೆ ಯಾರ ಚೀಟಿಯಲ್ಲೂ ದರವಿರಲಿಲ್ಲ.

ಆಮೇಲೆ ಇಂಜಿನಿಯರ್ ವಾಸವಿ ಮೇಡಂ
ಹಳೇ ನಕ್ಷೆಯ ಬೆನ್ನಿಗೆ ಕನ್ನಡದಲ್ಲೇ ಬರೆದರು:
ಬಹುಮಾನದಲ್ಲಿ ನಾಲ್ಕಾಣೆ ಒಂದೇ ಗಡಿಗೆಗೆ.
ಗಟ್ಟಿ ಪಾಸಾದರೆ ಗಡಿಗೆಯ ಬಾಯಿ ಬಿಚ್ಚುವುದು.
ಬಂದರೆ ಎಲ್ಲರಿಗೂ, ಹೋದರೆ ಎಲ್ಲರದೂ.
ಮಲ್ಲಾರೆಡ್ಡಿ ಪೆನ್ನು ಹುಡುಕುತ್ತ ಬಹಳ ಹೊತ್ತು ಕಳೆದ.
ದುರುಗಪ್ಪ ಮೇಸ್ತ್ರಿ ಹೆಬ್ಬೆಟ್ಟು ಒತ್ತಿ
ಬೆರಳನ್ನು ಅದೇ ಹಲಗೆಗೆ ಒರೆಸಿಕೊಂಡ.

ಫೋನುಗಳು ದಿಕ್ಕು ಬದಲಿಸಿದವು.
ಮೊದಲು ನಾವು ಅವರನ್ನು ಹುಡುಕುತ್ತಿದ್ದೆವು;
ಈಗ ಸರಳಿನವನೇ, "ಟೋಲ್ ದಾಟೀನಿ, ಕ್ರೇನ್ ಐತಿಲ್ಲೋ?"
ಜಲ್ಲಿಯವನು ಯಮನೂರಸಾಬನಿಗೆ,
"ನಾ ತೊಳದು ಕಳಸ್ತೀನಿ, ನೀ ಆ ಪೈಪು ಬಿಚ್ಚಿ ಒಗಿ."
ಬಯ್ಗುಳ ಹೆಚ್ಚಾಯಿತು, ಅದೂ ನಿಜ.
ಕಾಂಕ್ರೀಟು ರಾತ್ರಿಗೆ ಬಿತ್ತು, ಬಿಸಿಲು ಮಲಗಿದ ಮೇಲೆ.
ಆರೇ ಟ್ರಿಪ್ಪು.

ಅವತ್ತು ಬೆಳಗಿನ ಜಾವ ಯಮನೂರಸಾಬ ಬಂದು
ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತ.
"ಇದರಾಗ ನನ್ನದ್ಯಾವುದು?"
ತೋರಿಸಿದೆ. ಈ ಸಲ ಮೀನಿನ ಮಾತೆತ್ತಲಿಲ್ಲ.

ನಿನ್ನೆ ಸಂಜೆ ಮುನಿರಾಬಾದಿನಲ್ಲಿ ಗೇಟು ಎತ್ತಿದರಂತೆ.
ನೀರು ಹೊರಟಿದೆ, ದಾರಿಯಲ್ಲಿದೆ;
ಇದು ಬಾಯಿಮಾತಲ್ಲ.
ಇವತ್ತು ಇಪ್ಪತ್ತೆಂಟು.
ಬಾಗಿಲಾಚೆ ಎಂಟು ಜೊತೆ ಚಪ್ಪಲಿ,
ಬಿಡಿ ಅಂತ ನಾನೇನೂ ಹೇಳಿರಲಿಲ್ಲ.
ಗಟ್ಟಿ ಒರೆಸುತ್ತೇನೆ.
ಮುಳ್ಳು ಸೊನ್ನೆಯಲ್ಲಿದೆ.